ಅಪೊಲಿನೇರ್‌ನ ಮಳೆಯನ್ನು ಕನ್ನಡ ಅಕ್ಷರದಲ್ಲಿ ಸುರಿಸಿದ್ದು

ಫ್ರೆಂಚ್ ಕವಿ ಗಿಯೋಮ್ ಅಪೊಲಿನೇರ್‌ನ ‘ಇಲ್ ಪ್ಲೂ’ ಮಳೆಯ ಪದ್ಯ. ಐದೇ ಸಾಲು. ಒಂದೊಂದೂ ಅಕ್ಷರದ ಕೆಳಗೆ ಅಕ್ಷರವಾಗಿ, ಪುಟದ ಮೇಲಿಂದ ಓರೆಯಾಗಿ ಇಳಿಯುತ್ತದೆ. ಸುಮ್ನೆ ಅಡ್ಡಕ್ಕೆ ಬರೆದರೆ ಪದ್ಯವೇ ಹೋಯ್ತು. ಕನ್ನಡದಲ್ಲೂ ಅದನ್ನು ಇಳಿಸಲೇಬೇಕು ಅಂತ ಹಟ ಹಿಡಿದು ಕೂತೆ.

ಮೊದಲ ಸಾಲು ಹೀಗಾಯಿತು: ‘ಹೆಂಗಸರ ದನಿ ಮಳೆಯಾಗಿ ಸುರಿಯುತ್ತಿದೆ ನೆನಪಲ್ಲೂ ಅವರು ಸತ್ತೇಹೋದ ಹಾಗೆ’. ನಡುವೆ ಕಾಮಾ ಇಡಲಿಲ್ಲ. 1913ರ ‘ಆಲ್ಕೋಲ್’ ಸಂಕಲನದ ಕರಡು ತಿದ್ದುವಾಗ ಚಿಹ್ನೆಗಳನ್ನೆಲ್ಲ ತೆಗೆದುಹಾಕಿದ ಕವಿ ಅವನು.

ಫ್ರೆಂಚ್‌ನಲ್ಲಿ ಈ ಸಾಲಿಗೆ 65 ಅಕ್ಷರ, ನನ್ನದಕ್ಕೆ 28. ನಮ್ಮಲ್ಲಿ ಸ್ವರ, ಒತ್ತು ಎಲ್ಲ ಸೇರಿ ಒಂದೇ ಅಕ್ಷರ ಅಲ್ವಾ. ಸಾಲು ಅರ್ಧ ಪುಟಕ್ಕೇ ನಿಂತುಬಿಡುತ್ತಿತ್ತು. ಹೊಸ ಪದ ತುರುಕಲು ಮನಸ್ಸು ಒಪ್ಪಲಿಲ್ಲ. ಅಕ್ಷರ ಸ್ವಲ್ಪ ದೊಡ್ಡದು ಮಾಡಿ ನಡುವಿನ ಜಾಗ ಹೆಚ್ಚಿಸಿದೆ. ಹನಿ ಬಿಡಿಬಿಡಿಯಾಗಿ ಬಿದ್ದವು. ನನಗಂತೂ ಅದು ಇಷ್ಟವಾಯಿತು.

ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಓರೆ ಗೆರೆ ಎಳೆದುಕೊಂಡೆ. ಆಮೇಲೆ ಕಂಪ್ಯೂಟರ್‌ನಲ್ಲಿ ಒಂದೊಂದು ಅಕ್ಷರವನ್ನೂ ಬೇರೆ ಬೇರೆ ಇಟ್ಟೆ. ಜಾಸ್ತಿ ಕಾಡಿದ್ದು ಒತ್ತಕ್ಷರ. ‘ತ್ತಿ’, ‘ಲ್ಲೂ’ ಬಂದ ಕಡೆ ಒತ್ತು ಕೆಳಗಿನ ಅಕ್ಷರಕ್ಕೆ ತಾಗುತ್ತದೆ. ಅಲ್ಲಿ ಅಳತೆ ಬಿಟ್ಟು ಒತ್ತಿನ ತುದಿಯಿಂದ ಕಣ್ಣಳತೆಯಲ್ಲಿ ಜಾಗ ಕೊಡಬೇಕು. ‘ಹೆಂ’ ಇದ್ದಲ್ಲಿ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯದೆ ‘ಹೆ’ಯನ್ನಷ್ಟೇ ಗೆರೆಯ ಮೇಲೆ ಕೂರಿಸಿದೆ. ಇಲ್ಲದಿದ್ದರೆ ಗೆರೆ ಅಲ್ಲೇ ಸೊಟ್ಟಗಾಗುತ್ತದೆ.

ಇದು ಬರೀ ಚಿತ್ರದ ಆಟ ಅನ್ನುವವರ ಮಾತು ನಾನು ಒಪ್ಪಲ್ಲ. ಈ ಬಗೆಯ ಪದ್ಯಗಳ ಹಿಂದೆ ಯುದ್ಧ ಕಂಡ ಬದುಕಿದೆ. 1880ರಲ್ಲಿ ರೋಮ್‌ನಲ್ಲಿ ಪೋಲಿಷ್ ಮೂಲದ ತಾಯಿಗೆ ಹುಟ್ಟಿದ ಅಪೊಲಿನೇರ್ 1914ರಲ್ಲಿ ಫ್ರಾನ್ಸ್‌ನ ಫಿರಂಗಿ ದಳ ಸೇರಿದ. 1916ರ ಮಾರ್ಚ್‌ನಲ್ಲಿ ಶೆಲ್ ಚೂರು ತಲೆಗೆ ಹೊಕ್ಕಿತು. ಈ ಚಿತ್ರಪದ್ಯಗಳ ‘ಕ್ಯಾಲಿಗ್ರಾಮ್’ ಸಂಕಲನ 1918ರಲ್ಲಿ ಬಂತು. ಅದೇ ನವೆಂಬರ್ 9ಕ್ಕೆ ಸ್ಪ್ಯಾನಿಷ್ ಫ್ಲೂ ಅವನನ್ನು ಒಯ್ದಿತು. ಯುದ್ಧ ನಿಲ್ಲಲು ಎರಡೇ ದಿನ ಬಾಕಿ ಇತ್ತು.

ಈಗ ಅವನ ಪಾರಿವಾಳ, ಕಾರಂಜಿಯ ಪದ್ಯ ಹಿಡಿದಿದ್ದೇನೆ. ಪಾರಿವಾಳದಲ್ಲಿ ಹೆಂಗಸರ ಹೆಸರುಗಳಿವೆ, ಕಾರಂಜಿಯಲ್ಲಿ ಯುದ್ಧಕ್ಕೆ ಹೋದ ಗೆಳೆಯರನ್ನು ನೆನೆಯುತ್ತಾನೆ. ಕಾರಂಜಿಯ ಬಾಗು ಇನ್ನೂ ಕೈಗೆ ಸಿಕ್ಕಿಲ್ಲ. ಆ ಗೆಳೆಯರಲ್ಲೊಬ್ಬನಾದ ಚಿತ್ರಕಾರ ‘ಬ್ರಾಕ್’ನ ಹೆಸರಿನ ಅರ್ಧ ಕ ಬೇರೆ ಅಲ್ಲೇ ಬರುತ್ತದೆ.