ಯಂತ್ರಕ್ಕಿಂತ ಮೊದಲು ಬೆರಳುಗಳ ಪರೀಕ್ಷೆ

ಪ್ಲಾಸ್ಟಿಕ್ ಸರ್ಜನ್ ಆಗಿರುವ ನನ್ನ ಬಳಿಗೆ ಹೊಟ್ಟೆ, ತೋಳು, ತೊಡೆಗಳ ಆಕಾರದ ಬಗ್ಗೆ ನೊಂದುಕೊಂಡು ಬರುವವರಲ್ಲಿ ಹೆಚ್ಚಿನವರು ಯಾವುದಾದರೊಂದು ಯಂತ್ರದ ಹೆಸರನ್ನು ಮೊದಲೇ ತಿಳಿದುಕೊಂಡು ಬಂದಿರುತ್ತಾರೆ. ನಾನು ಮಾತ್ರ ಅವರನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ, ಆ ಭಾಗವನ್ನು ಬೆರಳುಗಳಲ್ಲಿ ಹಿಡಿದು ನೋಡಿದ ಮೇಲೆಯೇ ಚಿಕಿತ್ಸೆಯ ಮಾತೆತ್ತುತ್ತೇನೆ. ದಪ್ಪ ಮಡಿಕೆ ಸಿಕ್ಕರೆ ಅದು ಚರ್ಮದಡಿಯ ಕೊಬ್ಬು. ಮಡಿಕೆ ತೆಳುವಾಗಿದ್ದು, ಬಿಟ್ಟ ಮೇಲೆ ನಿಧಾನವಾಗಿ ಹಿಂದಿರುಗಿದರೆ ಅದು ಸಡಿಲಗೊಂಡ ಚರ್ಮ. ಹೊಟ್ಟೆ ಮುಂದೆ ಬಂದಿದ್ದರೂ ಬೆರಳಿಗೆ ಹೆಚ್ಚೇನೂ ಸಿಗದಿದ್ದರೆ, ಕೊಬ್ಬು ಒಳಗೆ ಕರುಳಿನ ಸುತ್ತ ಇರಬಹುದು, ಇಲ್ಲವೇ ಹೆರಿಗೆಯ ನಂತರ ಹೊಟ್ಟೆಯ ನಡುವಿನ ಸ್ನಾಯುಗಳು ಅಗಲಿರಬಹುದು. ಚರ್ಮದಡಿಯ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಲೈಪೊಸಕ್ಷನ್ ಈ ಒಳಗಿನ ಕೊಬ್ಬನ್ನು ಮುಟ್ಟುವುದಿಲ್ಲ. ಅದು ಆಹಾರ ನಿಯಂತ್ರಣಕ್ಕೆ ಮತ್ತು ವ್ಯಾಯಾಮಕ್ಕೆ ಮಣಿಯುತ್ತದೆ.

ಸೊಂಟ, ತೊಡೆಗಳ ಕೊಬ್ಬು ಹಟ ಮಾಡುವುದಕ್ಕೆ ಕಾರಣವಿದೆ. ಅಲ್ಲಿನ ಕೋಶಗಳಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಕೊಬ್ಬು ಕರಗುವುದನ್ನು ತಡೆಯುವ ಆಲ್ಫಾ-2 ಗ್ರಾಹಕಗಳು ಹೆಚ್ಚಾಗಿರುತ್ತವೆ. ತಮ್ಮ ಸೋಮಾರಿತನವೇ ಕಾರಣವೆಂದು ತಮ್ಮನ್ನು ಹಳಿದುಕೊಳ್ಳುವವರಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ. ಚರ್ಮ ಬಿಗಿಯಾಗಿದ್ದು, ಕೊಬ್ಬು ಒಂದೇ ಕಡೆ ಸಣ್ಣದಾಗಿ ಕೂಡಿಕೊಂಡಿದ್ದರೆ ಕ್ರಯೋಲಿಪೊಲಿಸಿಸ್, ಅಂದರೆ ಕೊಬ್ಬನ್ನು ತಂಪುಗೊಳಿಸಿ ಕರಗಿಸುವ ಚಿಕಿತ್ಸೆ, ಸಾಕಾಗಬಹುದು. ಕೊಬ್ಬಿನ ಕೋಶಗಳು ಚರ್ಮಕ್ಕಿಂತ ಬೇಗ ಶೀತಕ್ಕೆ ಸಾಯುತ್ತವೆ ಎಂಬುದನ್ನು ಆಧರಿಸಿದ ಈ ವಿಧಾನಕ್ಕೆ ಸೊಂಟದ ಪಕ್ಕಗಳ ಮಟ್ಟಿಗೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಒಪ್ಪಿಗೆ ನೀಡಿತು. ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಕರಗುವುದು ಆ ಪದರದ ಸುಮಾರು ಶೇ. 20ರಷ್ಟು ಮಾತ್ರ. ಅಪರೂಪಕ್ಕೆ ಆ ಜಾಗದ ಕೊಬ್ಬು ಕರಗುವ ಬದಲು ಬೆಳೆದು ಗಟ್ಟಿಯಾಗುವುದೂ ಉಂಟು. ಈ ಅಪಾಯವನ್ನು ತಿಳಿಸದೆ ಯಾರಿಂದಲೂ ಸಹಿ ಪಡೆಯಬಾರದೆಂಬುದು ನನ್ನ ಖಚಿತ ನಿಲುವು.

ಚರ್ಮದ ವಿಷಯದಲ್ಲಿ ಇನ್ನಷ್ಟು ನೇರವಾಗಿ ಮಾತಾಡಬೇಕಾಗುತ್ತದೆ. ದೀರ್ಘಕಾಲ ಹಿಗ್ಗಿದ ಚರ್ಮದಲ್ಲಿ, ಅದಕ್ಕೆ ಬಿಗಿತನ ಕೊಡುವ ಕೊಲಾಜನ್ ಮತ್ತು ಎಲಾಸ್ಟಿನ್ ಎಂಬ ಪ್ರೋಟೀನ್ ಎಳೆಗಳು ಹಾಳಾಗಿರುತ್ತವೆ. ತೂಕ ಇಳಿದ ಮೇಲೆ ಯಾವ ಲೇಪನವೂ, ಯಾವ ವ್ಯಾಯಾಮವೂ ಅವನ್ನು ಮೊದಲಿನಂತೆ ಮಾಡಲಾರದು. ಅಲ್ಪ ಸಡಿಲತೆಯಿದ್ದರೆ ರೇಡಿಯೋಫ್ರೀಕ್ವೆನ್ಸಿಯ (ರೇಡಿಯೋ ತರಂಗಗಳ) ಶಾಖದಿಂದ ಹೊಸ ಕೊಲಾಜನ್ ಹುಟ್ಟಿಸುವ ಪ್ರಯತ್ನ ಮಾಡುತ್ತೇನೆ. ಜೋತುಬಿದ್ದ ಚರ್ಮಕ್ಕಾದರೆ ಹೆಚ್ಚಿನ ಚರ್ಮವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೇ ದಾರಿ, ಏಕೆಂದರೆ ಅಂಥಲ್ಲಿ ಲೈಪೊಸಕ್ಷನ್ ಒಂದನ್ನೇ ಮಾಡಿದರೆ ಒಳಗಿನ ಆಧಾರ ತಪ್ಪಿ ಚರ್ಮ ಇನ್ನಷ್ಟು ಇಳಿಬೀಳುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಅಗಲಿದ ಸ್ನಾಯುಗಳನ್ನೂ ಹೊಲಿದು ಕೂಡಿಸುತ್ತೇನೆ. ಆದರೆ ಸೊಂಟದ ಒಂದು ಪಕ್ಕದಿಂದ ಇನ್ನೊಂದು ಪಕ್ಕದವರೆಗೆ ಗಾಯದ ಗುರುತು ಉಳಿಯುತ್ತದೆ. ಆ ಗೆರೆಯನ್ನು ಕನ್ನಡಿಯ ಮುಂದೆ ಅವರ ಮೈಮೇಲೆ ಪೆನ್ನಿನಿಂದ ಎಳೆದು ತೋರಿಸಿ, ಮನೆಗೆ ಹೋಗಿ ಯೋಚಿಸಿ ಬನ್ನಿ ಎನ್ನುತ್ತೇನೆ.

ಶಸ್ತ್ರಚಿಕಿತ್ಸೆಗೆ ಮುನ್ನ ತೂಕ ಕನಿಷ್ಠ ಆರು ತಿಂಗಳು ಸ್ಥಿರವಾಗಿರಬೇಕು. ಧೂಮಪಾನವನ್ನು ನಾಲ್ಕು ವಾರ ಮೊದಲೇ ಬಿಟ್ಟಿರಬೇಕು. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುವುದರಿಂದ ಹೊಲಿಗೆಯ ಅಂಚಿನ ಚರ್ಮ ಕೊಳೆಯುವ ಭಯವಿದೆ, ಹಾಗಾಗಿ ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಬಿಗಿಯುಡುಪು ಧರಿಸಬೇಕು. ಊತ ಪೂರ್ತಿ ಇಳಿಯಲು ತಿಂಗಳುಗಳೇ ಬೇಕಾಗುವುದರಿಂದ, ಫಲಿತಾಂಶವನ್ನು ಅಳೆಯುವ ಫೋಟೊವನ್ನು ಆರು ತಿಂಗಳಿಗೆ ಮೊದಲು ನಾನು ತೆಗೆಯುವುದಿಲ್ಲ.