ಒಂದು ಜಿಗಿತಕ್ಕೆ ಹನ್ನೊಂದು ದಿನ

ಅಕ್ಕನ ಮಗ ಈ ಸಲ ಪಿಯುಸಿ ಮುಗಿಸಿದ. ಕಡೂರಿಗೆ ಹೋದಾಗ ಊಟಕ್ಕೆ ಕೂತಲ್ಲೇ ಕೇಳಿದ, "ಮಾಮ, ನಾನೂ ಗೇಮ್ ಕಂಪನಿಗೆ ಸೇರ್ಬೇಕು ಅಂತಿದೀನಿ. ಏನು ಓದ್ಲಿ?" ಅಕ್ಕ ಸಾರಿನ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಬೇಡ ಅಂತ ಹೇಳು ಅನ್ನೋ ನೋಟ ಅದು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. "ಯಾವ ಗೇಮ್ ಆಡ್ತೀಯೋ?" ಅಂದೆ. ಬಿಜಿಎಂಐ ಅಂದ. ದಿನಕ್ಕೆ ಎಷ್ಟು ಹೊತ್ತು ಅಂತ ಕೇಳಲಿಲ್ಲ. ಅಕ್ಕ ಅಲ್ಲೇ ಇದ್ದಳಲ್ಲ.

ಈ ಪ್ರಶ್ನೆ ನನಗೆ ತಿಂಗಳಿಗೆ ಒಂದಾದರೂ ಬರುತ್ತದೆ. ನಾನು ಈ ಲೈನಿಗೆ ಬಂದು ಹನ್ನೆರಡು ವರ್ಷ ದಾಟಿತು. ಆದರೂ ಇದಕ್ಕೆ ಸರಿಯಾದ ಉತ್ತರ ಕೊಡೋದು ಕಷ್ಟ. ಅದಕ್ಕೆ ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ.

ನನಗೂ ಶುರುವಾಗಿದ್ದು ಆಡೋದರಿಂದಲೇ. ಬಸ್ ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ವೈಸ್ ಸಿಟಿ ಆಡುತ್ತಿದ್ದೆ. ಮಿಷನ್ ಗಿಷನ್ ಏನೂ ಮಾಡುತ್ತಿರಲಿಲ್ಲ. ಬೈಕ್ ಹತ್ತಿ ಸುಮ್ನೆ ಊರು ಸುತ್ತೋದು. ಒಂದು ದಿನ ಗೋಡೆಯ ಮೂಲೆಗೆ ಬೈಕ್ ಗುದ್ದಿದಾಗ ಅದು ಗೋಡೆಯೊಳಗೆ ಅರ್ಧ ಹೂತುಕೊಂಡಿತು. ಪಕ್ಕದಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಯಾವ ಕೋನದಲ್ಲಿ ಗುದ್ದಿದರೆ ಹೂತುಕೊಳ್ಳುತ್ತೆ ಅಂತ ನೋಡೋ ಹುಚ್ಚು ಹಿಡಿಯಿತು. ಆ 20 ರೂಪಾಯಿ ಪೂರ್ತಿ ಅದಕ್ಕೇ ಹೋಯಿತು.

2013ರಲ್ಲಿ ಹಾಸನದಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಬಂದೆ. ಆಗ ಎಲ್ಲರ ಫೋನಿನಲ್ಲೂ ಟೆಂಪಲ್ ರನ್, ಸಬ್‌ವೇ ಸರ್ಫರ್ಸ್. ಅಂಥದ್ದೇ ಓಡೋ ಆಟ ಮಾಡುತ್ತಿದ್ದ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟರ್ ಕೆಲಸ ಸಿಕ್ಕಿತು. ಸಂಬಳ 12 ಸಾವಿರ. ಮಡಿವಾಳದ ಪಿಜಿಗೇ ನಾಲ್ಕೂವರೆ ಸಾವಿರ ಹೋಗುತ್ತಿತ್ತು. ಅಪ್ಪನದು ಸೈಕಲ್ ಶಾಪ್. ವಿಷಯ ಹೇಳಿದಾಗ ಟ್ಯೂಬಿಗೆ ಪಂಕ್ಚರ್ ಹಾಕುತ್ತಲೇ, "ಆಟ ಆಡಿದ್ರೆ ಸಂಬಳ ಕೊಡ್ತಾರಾ? ಸರಿಯಾಗಿ ಕೇಳ್ಕೊಂಡ್ಯಾ?" ಅಂದರು. ಅಮ್ಮ ನೆಂಟರಿಗೆಲ್ಲ ಸಾಫ್ಟ್‌ವೇರ್ ಅಂತ ಹೇಳಿ ಮುಗಿಸಿದರು. ಈಗಲೂ ಹಾಗೇ ಹೇಳುತ್ತಾರೆ.

ಆಟ ಆಡೋ ಕೆಲಸ ಅಂದರೆ ಹೇಗಿರುತ್ತೆ ಗೊತ್ತಾ? ಮೇಜಿನ ಮೇಲೆ ಹದಿನಾಲ್ಕು ಫೋನು. ಒಂದೇ ಲೆವೆಲ್ಲನ್ನು ಹದಿನಾಲ್ಕರಲ್ಲೂ ಆಡಬೇಕು. ಗೆಲ್ಲೋಕಲ್ಲ, ಮುರಿಯೋಕೆ. ಪ್ರತಿ ಗೋಡೆಗೂ ಗುದ್ದಬೇಕು. ಆಟದ ಮಧ್ಯೆ ಫೋನ್ ಕಾಲ್ ಬಂದರೆ ಏನಾಗುತ್ತೆ? ಜಾಹೀರಾತು ಓಡುವಾಗ ಬ್ಯಾಕ್ ಬಟನ್ ಒತ್ತಿದರೆ? ನೆಟ್ ಹೋದರೆ? ಸಂಜೆ ಹೊಸ ಬಿಲ್ಡ್, ಅಂದರೆ ಆಟದ ತಿದ್ದಿದ ಆವೃತ್ತಿ ಬರುತ್ತೆ. ಬೆಳಗ್ಗಿಂದ ನೋಡಿದ್ದನ್ನೆಲ್ಲ ಮತ್ತೆ ಮೊದಲಿಂದ ನೋಡಬೇಕು.

ಒಂದು ಬಗ್ ಇನ್ನೂ ನೆನಪಿದೆ. ಸತ್ತ ಮೇಲೆ ಜಾಹೀರಾತು ನೋಡಿದರೆ ಮತ್ತೆ ಜೀವ ಬರುತ್ತಿತ್ತಲ್ಲ, ಸರಿಯಾಗಿ ಆ ಹೊತ್ತಿಗೆ ಕಾಲ್ ಬಂದು ಕಟ್ಟಾದರೆ ನಾಣ್ಯಗಳು ಎರಡು ಪಟ್ಟಾಗುತ್ತಿದ್ದವು. ಆದರೆ ಪ್ರತಿ ಸಲವೂ ಅಲ್ಲ. ಹತ್ತಕ್ಕೆ ಮೂರು ಸಲ. ಪ್ರೋಗ್ರಾಮರ್ ಹತ್ತಿರ ಹೋದರೆ, "ನನ್ನ ಫೋನಲ್ಲಿ ಸರಿಯಾಗೇ ಇದೆ. ನಿನ್ನ ಫೋನಿನ ಪ್ರಾಬ್ಲಮ್" ಅಂದ. ಪಕ್ಕದ ಹುಡುಗನಿಗೆ ಮಿಸ್ಡ್ ಕಾಲ್ ಕೊಡೋಕೆ ಹೇಳಿ ಎರಡು ದಿನ ಕೂತೆ. ಜಾಹೀರಾತಿನ ಕೊನೆಯ ಒಂದು ಸೆಕೆಂಡಿನಲ್ಲಿ ಕಾಲ್ ಬಂದರೆ ಮಾತ್ರ ಹಾಗಾಗುತ್ತಿತ್ತು. ಬಹುಮಾನ ಕೊಡೋ ಕೋಡು ಒಂದು ಸಲ ಜಾಹೀರಾತು ಮುಗಿದಾಗ, ಇನ್ನೊಂದು ಸಲ ಆಟ ವಾಪಸ್ ತೆರೆದುಕೊಂಡಾಗ ಓಡುತ್ತಿತ್ತು. ಆ ರಿಪೋರ್ಟ್ ಬರೆದ ದಿನ ನನಗಾದ ಖುಷಿ ವೈಸ್ ಸಿಟಿ ಆಡಿದ ಯಾವ ದಿನವೂ ಆಗಿರಲಿಲ್ಲ. ನನ್ನ ಜೊತೆ ಸೇರಿದ ಐದು ಜನರಲ್ಲಿ ಮೂವರು ಆರು ತಿಂಗಳೊಳಗೆ ಬಿಟ್ಟು ಹೋದರು. ಮೂವರೂ ನನಗಿಂತ ಚೆನ್ನಾಗಿ ಆಡುತ್ತಿದ್ದವರು.

ಟೆಸ್ಟರ್ ಆಗೇ ಉಳಿಯೋಕೆ ಮನಸ್ಸಿರಲಿಲ್ಲ. ರಾತ್ರಿ ರೂಮಿನಲ್ಲಿ ಯೂನಿಟಿ ಅನ್ನೋ, ಆಟ ಕಟ್ಟೋ ಸಾಫ್ಟ್‌ವೇರ್ ಕಲಿಯೋಕೆ ಕೂತೆ. ಮಾಡಿದ್ದು ಒಂದು ಮೇಕೆ ಆಟ. ಹೆಂಚಿನ ಮನೆಗಳ ಮಾಡಿನಿಂದ ಮಾಡಿಗೆ ಮೇಕೆ ಹಾರಬೇಕು, ಅಷ್ಟೇ. ಎರಡು ವಾರದಲ್ಲಿ ಮುಗಿಸುತ್ತೇನೆ ಅಂದುಕೊಂಡಿದ್ದೆ. ಆ ಹಾರುವಿಕೆ ಒಂದೇ ಹನ್ನೊಂದು ದಿನ ತಿಂದಿತು.

ಮೊದಲು ಮೇಕೆ ಬಲೂನಿನ ಹಾಗೆ ತೇಲುತ್ತಿತ್ತು. ಪಾಠದಲ್ಲಿ ಓದಿದ ಗುರುತ್ವಾಕರ್ಷಣೆ ಹಾಕಿದರೆ ಆಟದಲ್ಲಿ ಸಪ್ಪೆ ಅನ್ನಿಸುತ್ತೆ. ಮೇಲೆ ಹೋಗುವಾಗ ಒಂದು ಲೆಕ್ಕ, ಕೆಳಗೆ ಬರುವಾಗ ಅದಕ್ಕಿಂತ ಜಾಸ್ತಿ ಎಳೆತ ಇಟ್ಟ ಮೇಲೆ ಮೇಕೆಗೆ ತೂಕ ಬಂತು. ಆಮೇಲೆ ರೂಮ್‌ಮೇಟ್ ಕೈಗೆ ಫೋನ್ ಕೊಟ್ಟೆ. ಎರಡನೇ ಮನೆಯಲ್ಲೇ ಬಿದ್ದ. "ನಾನು ಒತ್ತಿದೆ ಮಾರಾಯ, ನಿನ್ನ ಮೇಕೆನೇ ಹಾರ್ಲಿಲ್ಲ" ಅಂತ ರೇಗಿದ. ನಾನು ಒಪ್ಪಲಿಲ್ಲ. ಅವನು ಬೆರಳಿಟ್ಟ ಕ್ಷಣ ಬರೆದಿಡೋ ಹಾಗೆ ಕೋಡಿಗೆ ಎರಡು ಸಾಲು ಸೇರಿಸಿ ಮತ್ತೆ ಆಡಿಸಿದೆ. ಆಟ ಸೆಕೆಂಡಿಗೆ 60 ಚಿತ್ರ ತೋರಿಸುತ್ತೆ, ಒಂದೊಂದಕ್ಕೆ 16.6 ಮಿಲಿಸೆಕೆಂಡು. ಅವನು ಒತ್ತಿದ್ದು ಮೇಕೆಯ ಕಾಲು ಹೆಂಚು ಬಿಟ್ಟು ಮೂರು ಚಿತ್ರ ಕಳೆದ ಮೇಲೆ. ಅಂದರೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ತಡ. ಲೆಕ್ಕದ ಪ್ರಕಾರ ತಪ್ಪು ಅವನದೇ.

ಇದನ್ನು ತೋರಿಸಿ ಅವನ ಬಾಯಿ ಮುಚ್ಚಿಸಬಹುದಿತ್ತು. ಆದರೆ ಆಟ ಆಡುವವರೆಲ್ಲರ ಮನೆಗೆ ಹೋಗಿ ಲಾಗ್ ತೋರಿಸೋಕಾಗಲ್ಲವಲ್ಲ. ಹುಡುಕಿದರೆ ಇದಕ್ಕೆ ಈ ಲೈನಿನಲ್ಲಿ ಹಳೇ ಮದ್ದು ಇತ್ತು. ಕೊಯೋಟಿ ಟೈಮ್ ಅನ್ನುತ್ತಾರೆ. ಕಾರ್ಟೂನಿನಲ್ಲಿ ಆ ಕೊಯೋಟಿ ಅನ್ನೋ ತೋಳದಂಥ ಪ್ರಾಣಿ ಬಂಡೆಯ ಅಂಚು ದಾಟಿ ಗಾಳಿಯಲ್ಲೇ ಸ್ವಲ್ಪ ಹೊತ್ತು ಓಡುತ್ತೆ ನೋಡಿ, ಅದರಿಂದ ಬಂದ ಹೆಸರು. ಅಂಚು ಬಿಟ್ಟ ಮೇಲೂ ಚೂರು ಹೊತ್ತು ಹಾರೋಕೆ ಬಿಡೋದು. ನಾನು 0.1 ಸೆಕೆಂಡು, ಅಂದರೆ ಆರು ಚಿತ್ರ ಬಿಟ್ಟೆ. ನೆಲ ಮುಟ್ಟೋಕೆ ಮುಂಚೆ ಆತುರದಲ್ಲಿ ಒತ್ತಿದವರಿಗೂ ಅಷ್ಟೇ ರಿಯಾಯಿತಿ. ಮಾರನೇ ದಿನ ಏನೂ ಹೇಳದೆ ಫೋನ್ ಕೊಟ್ಟೆ. ಒಂಬತ್ತು ಮನೆ ದಾಟಿದ. "ಈಗ ನನಗೆ ಕೈ ಕೂತಿದೆ" ಅಂದ. ನಾನು ಸುಮ್ಮನಿದ್ದೆ.

2014ರಲ್ಲಿ ಅದನ್ನು ಪ್ಲೇ ಸ್ಟೋರಿಗೆ ಹಾಕಿದೆ. ಖಾತೆ ತೆರೆಯೋಕೆ ಒಂದೇ ಸಲ ಕಟ್ಟೋ 25 ಡಾಲರ್ ಶುಲ್ಕ, ಆಗಿನ ಲೆಕ್ಕದಲ್ಲಿ ಒಂದೂವರೆ ಸಾವಿರ. ಗೆಳೆಯನ ಕ್ರೆಡಿಟ್ ಕಾರ್ಡು. ಒಟ್ಟು 412 ಜನ ಇಳಿಸಿಕೊಂಡರು, ಅದರಲ್ಲಿ ಅರ್ಧ ನಮ್ಮ ಕಾಲೇಜಿನವರೇ ಇರಬೇಕು. ಜಾಹೀರಾತಿನಿಂದ 9 ಡಾಲರ್ ಬಂತು. ಬಂತು ಅಂದರೆ ಪರದೆಯ ಮೇಲೆ ಕಾಣಿಸಿತು. ಖಾತೆಯಲ್ಲಿ 100 ಡಾಲರ್ ಆಗೋವರೆಗೂ ಬ್ಯಾಂಕಿಗೆ ಹಾಕಲ್ಲ ಅನ್ನೋ ನಿಯಮ ಆಗ ಗೊತ್ತಾಯಿತು. ಅಲ್ಲಿಗೆ ಮೇಕೆಯ ಸಂಪಾದನೆ ಮುಗಿಯಿತು. ಆದರೆ ನನ್ನನ್ನು ಪ್ರೋಗ್ರಾಮರ್ ಮಾಡಿದ್ದು ಅದೇ ಮೇಕೆ. ಬೇರೆ ಕಂಪನಿಯ ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕಾರ್ಡ್ ಕೇಳಲೇ ಇಲ್ಲ. ಫೋನ್ ಇಸಿದುಕೊಂಡು ಹತ್ತು ನಿಮಿಷ ಮೇಕೆ ಹಾರಿಸಿದರು. "ಅಂಚಿನಲ್ಲಿ ಎಷ್ಟು ಟೈಮ್ ಬಿಟ್ಟಿದೀರಿ?" ಅಂತ ಕೇಳಿದರು. ಸಂಬಳ 22 ಸಾವಿರ ಆಯಿತು. ಐಟಿ ಸರ್ವಿಸ್ ಕಂಪನಿ ಸೇರಿದ್ದ ನನ್ನ ಕ್ಲಾಸಿನವರು ಅಷ್ಟರಲ್ಲಿ ಅದಕ್ಕಿಂತ ಮುಂದೆ ಹೋಗಿದ್ದರು. ಈಗಲೂ ಮುಂದೇ ಇದ್ದಾರೆ. ಸಂಬಳಕ್ಕೇ ಬರೋದಾದರೆ ಇಲ್ಲಿಗೆ ಬರಬೇಡಿ ಅಂತ ನಾನು ನೇರವಾಗೇ ಹೇಳುತ್ತೇನೆ.

ಬೆಂಗಳೂರಿಗೆ ಈ ಕೆಲಸ ಹೊಸದೇನಲ್ಲ. ರಾಜೇಶ್ ರಾವ್ ಅವರು ಧ್ರುವ ಇಂಟರ‍್ಯಾಕ್ಟಿವ್ ಅನ್ನೋ ಗೇಮ್ ಕಂಪನಿ ಶುರು ಮಾಡಿದ್ದು 1997ರಲ್ಲಿ, ನಾನಿನ್ನೂ ಒಂದನೇ ಕ್ಲಾಸ್ ಆಗ. 2019ರಲ್ಲಿ ಅದನ್ನು ಕೊಂಡುಕೊಂಡಿದ್ದು ರಾಕ್‌ಸ್ಟಾರ್, ನಾನು ಗಂಟೆಗೆ 20 ರೂಪಾಯಿ ಕೊಟ್ಟು ಆಡುತ್ತಿದ್ದ ವೈಸ್ ಸಿಟಿ ಮಾಡಿದವರು. ಆದರೆ ನಮ್ಮಲ್ಲಿ ಜಾಸ್ತಿ ಇರೋದು ಹೊರಗಿನವರ ಆಟಕ್ಕೆ ಬಿಡಿಭಾಗ ಮಾಡಿಕೊಡೋ ಕೆಲಸ. ಆರ್ಟ್ ಕಡೆ ಇರೋ ನನ್ನ ಗೆಳತಿಯೊಬ್ಬಳು ಒಂದು ರೇಸಿಂಗ್ ಆಟಕ್ಕೆ ಎರಡು ತಿಂಗಳು ಬರೀ ತುಕ್ಕು ಹಿಡಿದ ಡ್ರಮ್ಮುಗಳನ್ನೇ ಮಾಡಿದಳು. ಆಟ ಬಂದಾಗ ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಅವಳ ಡ್ರಮ್ಮು ಪಕ್ಕದಲ್ಲಿ ಹೋಯಿತು. ನಿಲ್ಲಿಸಿ ತೋರಿಸಿದಳು. ನಿಜಕ್ಕೂ ಚೆನ್ನಾಗಿತ್ತು ಆ ತುಕ್ಕು.

ನನಗೆ ತುಂಬ ಇಷ್ಟವಾದ ಕೆಲಸ ಅಂದರೆ ಕೊರೋನಾ ಸಮಯದಲ್ಲಿ ಮಾಡಿದ ಪದಬಂಧದಂಥ ಆಟ. ಭಾರತದ ಐದಾರು ಭಾಷೆಗಳಲ್ಲಿ ಬರಬೇಕಿತ್ತು. ತಂಡದಲ್ಲಿ ಕನ್ನಡ ಓದೋಕೆ ಬರುತ್ತಿದ್ದವನು ನಾನೊಬ್ಬನೇ. ಮೊದಲ ಬಿಲ್ಡಿನಲ್ಲಿ "ಕನ್ನಡ" ಅನ್ನೋ ಪದಕ್ಕೆ ಐದು ಮನೆ ಬಂತು. ಕ, ನ, ಒಂಟಿಯಾಗಿ ನಿಂತ ಒಂದು ಹಲಂತದ ಗುರುತು, ಮತ್ತೊಂದು ನ, ಡ. ಯೂನಿಕೋಡ್, ಅಂದರೆ ಕಂಪ್ಯೂಟರು ಅಕ್ಷರಗಳನ್ನು ಗುರುತಿಸೋ ಪದ್ಧತಿಯ ಲೆಕ್ಕದಲ್ಲಿ ಅದು ಐದೇ. "ಸ್ತ್ರೀ" ಅನ್ನೋ ಒಂದಕ್ಷರಕ್ಕೆ ಆರು ಮನೆ! ಮ್ಯಾನೇಜರಿಗೆ ಎಲ್ಲ ಸರಿಯಾಗೇ ಕಾಣುತ್ತಿತ್ತು. ಹಲಂತದ ಮುಂದೆ ವ್ಯಂಜನ ಬಂದರೆ ಹಿಂದಿನ ಮನೆಗೇ ಸೇರಿಸು, ಗುಣಿತದ ಚಿಹ್ನೆ ಬಂದರೂ ಸೇರಿಸು ಅಂತ ನಾನೇ ನಿಯಮ ಬರೆದೆ. ಒಂದನೇ ಕ್ಲಾಸಿನ ಮಗುವಿಗೆ ಗೊತ್ತಿರೋದನ್ನು ಕಂಪ್ಯೂಟರಿಗೆ ನಲವತ್ತು ಸಾಲಿನಲ್ಲಿ ಹೇಳಿದ ಹಾಗಾಯಿತು.

ಅಕ್ಷರ ತೋರಿಸೋದು ಇನ್ನೂ ದೊಡ್ಡ ಗೋಳು. ನಾವು ಬಳಸುತ್ತಿದ್ದ ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೋ ಅನ್ನೋ ಅಕ್ಷರ ತೋರಿಸೋ ಭಾಗ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತೆ, ಒತ್ತು ಕೂಡಿಸೋದು ಅದಕ್ಕೆ ಗೊತ್ತಿಲ್ಲ. "ಸೂರ್ಯ"ದಲ್ಲಿ ಅರ್ಕಾವತ್ತು ಯ ಅಕ್ಷರದ ಆಮೇಲೆ ಹೋಗಿ ಕೂರಬೇಕು ಅಂತ ಅದಕ್ಕೆ ಯಾರು ಹೇಳೋದು? ಹಳೇ ಡಿಟಿಪಿ ಕಾಲದ ಫಾಂಟುಗಳಲ್ಲಿ ಒತ್ತುಗಳು ಬಿಡಿಬಿಡಿಯಾಗಿರುತ್ತಿದ್ದವಲ್ಲ, ಅದೇ ದಾರಿ ಹಿಡಿದೆವು. ಯೂನಿಕೋಡ್ ಪದ ತೊಗೊಂಡು, ಮುರಿದು, ಬೇರೆ ಕ್ರಮದಲ್ಲಿ ಜೋಡಿಸಿ, ಬಿಡಿ ಒತ್ತುಗಳ ಫಾಂಟಿನಲ್ಲಿ ತೋರಿಸೋದು. ಆರು ವಾರ ಹಿಡಿಯಿತು. 2023ರಲ್ಲಿ ಗೋಡೋ ಅನ್ನೋ, ಯೂನಿಟಿಯಂಥದ್ದೇ ಉಚಿತ ಎಂಜಿನ್ನಿನ ನಾಲ್ಕನೇ ಆವೃತ್ತಿ ಬಂತು. ಅದರಲ್ಲಿ "ಸೂರ್ಯ" ಅಂತ ಟೈಪ್ ಮಾಡಿದೆ. ಅರ್ಕಾವತ್ತು ತಾನಾಗೇ ಹೋಗಿ ಜಾಗದಲ್ಲಿ ಕೂತುಕೊಂಡಿತು. ಖುಷಿನೂ ಆಯಿತು, ಹೊಟ್ಟೆನೂ ಉರಿಯಿತು.

ಅದೇ ವರ್ಷ ಕೆಲಸ ಹೋಯಿತು. ಕೊರೋನಾದಲ್ಲಿ ಎಲ್ಲರೂ ಮನೆಯಲ್ಲಿ ಕೂತು ಆಡಿದರು, ಕಂಪನಿಗಳು ಕಂಡಕಂಡವರನ್ನು ಸೇರಿಸಿಕೊಂಡವು. ಆಮೇಲೆ ಜನ ಹೊರಗೆ ಓಡಾಡೋಕೆ ಶುರು ಮಾಡಿದರು, ಬಡ್ಡಿ ಏರಿತು, ಹೂಡಿಕೆದಾರರು ಹಾಕೋ ದುಡ್ಡು ನಿಂತಿತು. ಜಗತ್ತಿನಾದ್ಯಂತ ಸಾವಿರಾರು ಜನ ಹೊರಬಿದ್ದರು, ಅವರಲ್ಲಿ ನಾನೂ ಒಬ್ಬ. ಇಪ್ಪತ್ತು ನಿಮಿಷದ ವಿಡಿಯೋ ಕಾಲ್. ಮುಗಿಯೋ ಹೊತ್ತಿಗೆ ಮೇಲ್ ಬಂದ್ ಆಗಿತ್ತು. ಎಂಟು ತಿಂಗಳು ಮನೆಯಲ್ಲಿದ್ದೆ. ಹೆಂಡತಿಯ ಸಂಬಳದಲ್ಲಿ ಮನೆ ನಡೆಯಿತು, ಅದನ್ನು ಮುಚ್ಚಿಡೋಕೆ ಏನಿದೆ.

ಆಗ ಒಂದು ರಮ್ಮಿ ಕಂಪನಿಯಿಂದ ಕರೆ ಬಂದಿತ್ತು. ನನ್ನ ಹಳೇ ಸಂಬಳದ ಎರಡರಷ್ಟು. ದೊಡ್ಡ ಆದರ್ಶದಿಂದ ಬಿಟ್ಟೆ ಅಂತ ಹೇಳಿದರೆ ಸುಳ್ಳಾಗುತ್ತೆ. ನಮ್ಮ ಬೀದಿಯಲ್ಲಿ ಒಬ್ಬರು ಅದೇ ಆಟದಲ್ಲಿ ಆಟೋ ಕಳೆದುಕೊಂಡಿದ್ದರು, ಹೆಂಡತಿ ಬೇಡವೇ ಬೇಡ ಅಂದಳು, ಬಿಟ್ಟೆ. ಗೆಳೆಯನೊಬ್ಬ ಸೇರಿದ. ಆಗಸ್ಟ್ 2025ರಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೇ ನಿಷೇಧಿಸೋ ಕಾಯ್ದೆ ಮಾಡಿತು. ಈಗ ಅವನೂ ಕೆಲಸ ಹುಡುಕುತ್ತಿದ್ದಾನೆ. ನಾನು ಐದು ಜನರ ಒಂದು ಸಣ್ಣ ತಂಡದಲ್ಲಿದ್ದೇನೆ. ಬೇರೆಯವರ ಆಟಗಳನ್ನು ಫೋನಿಗೆ ಹೊಂದಿಸಿ ಕೊಡುತ್ತೇವೆ. ಉಳಿದ ಟೈಮಿನಲ್ಲಿ ನಮ್ಮದೊಂದು ಆಟ ಕುಂಟುತ್ತಾ ಸಾಗಿದೆ.

ಅಕ್ಕನ ಮಗನಿಗೆ ಹೇಳಿದ್ದು ಇಷ್ಟೇ. ಬಿಎಸ್ಸಿನೋ ಬಿಇನೋ, ಕಂಪ್ಯೂಟರ್ ಸೈನ್ಸ್ ಸೇರು, ನಾಳೆ ಬೇರೆ ಕಡೆಗೂ ಆಗುತ್ತೆ. ಗೇಮ್ ಕೋರ್ಸ್ ಅಂತ ಲಕ್ಷಗಟ್ಟಲೆ ಕೇಳೋರಿಗೆ ಈಗಲೇ ದುಡ್ಡು ಕಟ್ಟಬೇಡ. ರಜೆಯಲ್ಲಿ ಗೋಡೋ ಇಳಿಸಿಕೊಂಡು ಒಂದೇ ಒಂದು ಆಟ ಮಾಡು. ಹಾರೋದು, ಬೀಳೋದು, ಸ್ಕೋರು, ಅಷ್ಟು ಸಾಕು. ಆದರೆ ಮುಗಿಸು. ಈಗ ಹೊಸ ವೈಯಕ್ತಿಕ ಖಾತೆಯವರು ಪ್ಲೇ ಸ್ಟೋರಿಗೆ ಹಾಕೋಕೆ ಮುಂಚೆ 12 ಜನರ ಕೈಲಿ 14 ದಿನ ಟೆಸ್ಟ್ ಮಾಡಿಸಬೇಕು. "ಕ್ರಿಕೆಟ್ ಟೀಮಲ್ಲಿ ಹನ್ನೊಂದು ಜನ ಇದೀವಿ" ಅಂದ. ಹನ್ನೆರಡನೆಯದಕ್ಕೆ ಅಮ್ಮನ ಫೋನ್ ಇದೆ ಅಂದೆ. ಅಕ್ಕ ಸೌಟು ಪಾತ್ರೆಗೆ ಹಾಕಿ ಒಳಗೆ ಹೋದಳು.

ಮೊನ್ನೆ ಭಾನುವಾರ ವಾಟ್ಸಾಪಿನಲ್ಲಿ ಒಂದು ಎಪಿಕೆ, ಅಂದರೆ ಫೋನಿಗೆ ಆಟ ಹಾಕಿಕೊಳ್ಳೋ ಫೈಲು ಕಳಿಸಿದ. ನೀಲಿ ಡಬ್ಬವೊಂದು ಹಸಿರು ಡಬ್ಬಗಳ ಮೇಲೆ ಹಾರುತ್ತಿತ್ತು. ಚಿತ್ರ ಇಲ್ಲ, ಸದ್ದಿಲ್ಲ. ಸ್ಕೋರ್ ಮಾತ್ರ ಮೇಲುಗಡೆ ಇತ್ತು. ಆಡಿದೆ. ಎರಡನೇ ಡಬ್ಬದ ಅಂಚಿನಲ್ಲಿ ಬಿದ್ದೆ. ಮತ್ತೆ ಆಡಿದೆ, ಮತ್ತೆ ಅಲ್ಲೇ ಬಿದ್ದೆ. ಫೋನ್ ಮಾಡಿ, "ನಾನು ಒತ್ತಿದೆ ಕಣೋ, ಅದು ಹಾರ್ಲಿಲ್ಲ" ಅಂದೆ.

ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, "ನನ್ನ ಫೋನಲ್ಲಿ ಸರಿಯಾಗೇ ಇದೆ ಮಾಮ. ನಿನ್ನ ಫೋನಿನ ಪ್ರಾಬ್ಲಮ್ ಇರ್ಬೇಕು" ಅಂದ.