ಸುತ್ತಿಗೆ ಏಟಿನ ನಾಣ್ಯ: ದುಡ್ಡು ಕೊಡುವ ಮೊದಲು ಅಂಚು ನೋಡಿ

ಸಾವಿರ ವರ್ಷ ಹಳೆಯ ಬೆಳ್ಳಿ ನಾಣ್ಯ ಕೈಗೆ ಬಂದರೆ ನಮ್ಮವರು ಮೊದಲು ಮಾಡುವ ಕೆಲಸ ಅದನ್ನು ಉಜ್ಜುವುದು. ಎರಡನೆಯ ಕೆಲಸ, ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ ‘ಇದಕ್ಕೆ ರೇಟ್ ಎಷ್ಟಿರಬಹುದು?’ ಎಂದು ಕೇಳುವುದು. ಇಂಗ್ಲೆಂಡಿನಲ್ಲಿರುವ ಕನ್ನಡದವರಲ್ಲಿ ಈ ಹುಚ್ಚು ಹಿಡಿದವರು ಕಡಿಮೆ. ಹಿಡಿದವರಲ್ಲಿ ಬಹಳಷ್ಟು ಜನ ಈ ಎರಡನ್ನೂ ಮಾಡಿ, ಆಮೇಲೆ ಮಾರಲು ಹೋದಾಗ ಪೆಚ್ಚಾಗುವುದನ್ನು ನೋಡಿದ್ದೇನೆ. ಅದಕ್ಕೇ ಈ ಬರಹ.

ನಾನು ಹೇಳುತ್ತಿರುವುದು ಆಂಗ್ಲೋ-ಸ್ಯಾಕ್ಸನ್ ರಾಜರ ನಾಣ್ಯಗಳ ವಿಷಯ. ಅಂದರೆ 1066ರಲ್ಲಿ ನಾರ್ಮನ್ನರು ಬಂದು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಹಿಂದಿನವು. ಆಗ ಯಂತ್ರ ಇರಲಿಲ್ಲ. ಕೆಳಗಿನ ಅಚ್ಚನ್ನು ಮರದ ದಿಮ್ಮಿಯಲ್ಲಿ ನೆಟ್ಟು, ಅದರ ಮೇಲೆ ತೆಳು ಬೆಳ್ಳಿ ಬಿಲ್ಲೆ ಇಟ್ಟು, ಇನ್ನೊಂದು ಅಚ್ಚನ್ನು ಮೇಲಿನಿಂದ ಹಿಡಿದು ಸುತ್ತಿಗೆಯಿಂದ ಬಡಿಯುತ್ತಿದ್ದರು. ಯಾರ್ಕ್ ಊರಿನ ಕಾಪರ್‌ಗೇಟ್‌ನಲ್ಲಿ ಅಗೆದಾಗ ಇಂಥ ಕಬ್ಬಿಣದ ಅಚ್ಚುಗಳೇ ಸಿಕ್ಕಿವೆ. ಈ ಬಡಿಯುವ ಕ್ರಮವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಅಸಲಿ ಯಾವುದು, ನಕಲಿ ಯಾವುದು ಎಂದು ಮುಂದೆ ಹೇಳುವುದು ಅದೇ.

1. ಮೊದಲು ಒಬ್ಬ ರಾಜನನ್ನು ಹಿಡಿಯಿರಿ

ಹೊಸಬರಿಗೆಲ್ಲ ಬೇಕಾಗಿರುವುದು ಆಲ್ಫ್ರೆಡ್, ಇಲ್ಲವೇ ಹೆರಾಲ್ಡ್. ಹೆರಾಲ್ಡ್ ಆಳಿದ್ದು 1066ರ ಜನವರಿಯಿಂದ ಅಕ್ಟೋಬರ್ ತನಕ ಮಾತ್ರ. ಅವನ ನಾಣ್ಯದ ಹಿಂಬದಿಯಲ್ಲಿ ‘ಪ್ಯಾಕ್ಸ್’, ಅಂದರೆ ಶಾಂತಿ ಎಂದು ಬರೆದಿದೆ. ಹೇಸ್ಟಿಂಗ್ಸ್ ಯುದ್ಧದಲ್ಲಿ ಸತ್ತವನ ನಾಣ್ಯ ಎಂದು ಎಲ್ಲರೂ ಮುಗಿಬೀಳುತ್ತಾರೆ, ಬೆಲೆ ಸಾವಿರಾರು ಪೌಂಡಿಗೆ ಏರುತ್ತದೆ. ಆಗಿನ ಮರ್ಸಿಯಾ ರಾಜ್ಯದ ದೊರೆ ಆಫಾ, ಅವನ ರಾಣಿ ಕಿನೆತ್ರಿತ್ ಇವರ ನಾಣ್ಯಗಳ ಕಥೆಯೂ ಇಷ್ಟೇ. ಇವನ್ನೆಲ್ಲ ಮ್ಯೂಸಿಯಂನಲ್ಲಿ ನೋಡಿ ಖುಷಿಪಡಿ.

ನೀವು ಶುರು ಮಾಡಬೇಕಾದ್ದು ಎರಡನೇ ಎಥೆಲ್‌ರೆಡ್ ಅಥವಾ ಅವನ ನಂತರದ ರಾಜ ಕ್ನೂಟ್‌ನಿಂದ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಎಥೆಲ್‌ರೆಡ್ 978ರಿಂದ 1016ರ ತನಕ, ನಡುವೆ ಸ್ವಲ್ಪ ಕಾಲ ಬಿಟ್ಟು, ಆಳಿದ. ಸ್ಕ್ಯಾಂಡಿನೇವಿಯಾದ ಕಡಲ ದಾಳಿಕೋರರಾದ ವೈಕಿಂಗರು ಮೇಲಿಂದ ಮೇಲೆ ಬಂದು ಕಪ್ಪ ಕೇಳಿದರು, ಇವನು ಕೊಡುತ್ತಾ ಹೋದ. ಹತ್ತಾರು ಊರುಗಳ ಟಂಕಸಾಲೆಗಳಲ್ಲಿ ರಾಶಿ ರಾಶಿ ನಾಣ್ಯ ಹೊಡೆದರು. ಅದರಲ್ಲಿ ಎಷ್ಟೋ ಪಾಲು ಸಮುದ್ರ ದಾಟಿ ಹೋಯಿತು. ಆ ಕಾಲದ ಇಂಗ್ಲಿಷ್ ನಾಣ್ಯ ಇವತ್ತು ಬ್ರಿಟನ್ನಿಗಿಂತ ಸ್ವೀಡನ್ ಕಡೆಯ ಸಂಗ್ರಹಗಳಲ್ಲೇ ಜಾಸ್ತಿ ಇದೆ. ರಾಶಿ ಇದ್ದಲ್ಲಿ ಬೆಲೆ ಕಡಿಮೆ, ಅಲ್ವಾ? ಲಂಡನ್, ಲಿಂಕನ್, ಯಾರ್ಕ್, ವಿಂಚೆಸ್ಟರ್ ಊರಿನ ಸಾಮಾನ್ಯ ಪೆನ್ನಿ, ಅಂದರೆ ಆ ಕಾಲದ ಬೆಳ್ಳಿ ನಾಣ್ಯ, ಇನ್ನೂರು ಮುನ್ನೂರು ಪೌಂಡಿನ ಆಸುಪಾಸಿನಿಂದ ಸಿಗುತ್ತದೆ. ಚಿಕ್ಕ ಊರಿನದಾದರೆ ಅದೇ ರಾಜ, ಅದೇ ಚಿತ್ರ, ಬೆಲೆ ಮಾತ್ರ ಹಲವು ಪಟ್ಟು.

ಅಷ್ಟೂ ದುಡ್ಡಿಲ್ಲ ಅಂದರೆ ಕತ್ತರಿಸಿದ ಅರ್ಧ ಪೆನ್ನಿ ತಗೊಳ್ಳಿ. ಚಿಲ್ಲರೆ ಇಲ್ಲದ ಕಾಲದಲ್ಲಿ ಪೆನ್ನಿಯನ್ನೇ ಹಿಂಬದಿಯ ಶಿಲುಬೆಯ ಗೀಟಿನ ಗುಂಟ ಕತ್ತರಿಸಿ ಅರ್ಧ, ಕಾಲು ಎಂದು ಕೊಡುತ್ತಿದ್ದರು. ಸ್ಟೈಕಾ ಎಂಬ ಉತ್ತರದ ನಾರ್ತಂಬ್ರಿಯಾ ರಾಜ್ಯದ ಚಿಕ್ಕ ತಾಮ್ರದ ನಾಣ್ಯ ಇನ್ನೂ ಅಗ್ಗ. ಸ್ಕ್ಯಾಟಾ ಎಂಬ ಪುಟ್ಟ ದಪ್ಪ ಬೆಳ್ಳಿ ನಾಣ್ಯಕ್ಕೆ ಮಾತ್ರ ಈಗಲೇ ಕೈ ಹಾಕಬೇಡಿ. ಅದರಲ್ಲಿ ನೂರೆಂಟು ಬಗೆ, ನಕಲಿಯೂ ಬೇಕಾದಷ್ಟು.

2. ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡುವ ಒಳ್ಳೆಯ ಲೂಪ್, 0.01 ಗ್ರಾಂ ತನಕ ತೋರಿಸುವ ತಕ್ಕಡಿ, ಅಗಲ ಅಳೆಯಲು ಒಂದು ವರ್ನಿಯರ್. ಫೋನಿಗೆ ಸಿಕ್ಕಿಸುವ ಅಗ್ಗದ ಮೈಕ್ರೋಸ್ಕೋಪ್ ಸುಮ್ನೆ ದುಡ್ಡು ದಂಡ.

3. ನಾಣ್ಯ ಓದಿ

ಮುಂಬದಿಯಲ್ಲಿ ರಾಜನ ತಲೆ, ಸುತ್ತ ಅವನ ಹೆಸರು. ಅದು ಸುಲಭ. ಹಿಂಬದಿಯೇ ಮುಖ್ಯ. ಸುಮಾರು 973ರಲ್ಲಿ ಎಡ್ಗರ್ ರಾಜ ನಾಣ್ಯಗಳನ್ನೆಲ್ಲ ಒಂದೇ ಮಾದರಿಗೆ ತಂದ. ಅಲ್ಲಿಂದ ಮುಂದೆ ಪ್ರತಿ ಪೆನ್ನಿಯ ಹಿಂಬದಿಯಲ್ಲೂ ಹೊಡೆಸಿದವನ ಹೆಸರು, ಊರಿನ ಹೆಸರು ಎರಡೂ ಇರುತ್ತವೆ. ತೂಕದಲ್ಲಿ ಮೋಸ ಆದರೆ ಯಾರನ್ನು ಹಿಡಿಯಬೇಕು ಎಂದು ತಿಳಿಯಬೇಕಲ್ಲ! ಎಡ್ಗರ್‌ಗಿಂತ ಮೊದಲಿನ ಎಥೆಲ್‌ಸ್ಟಾನ್ ಕಾಲದ ಕಾನೂನಂತೂ ಕಟುವಾಗಿತ್ತು. ಕೆಟ್ಟ ನಾಣ್ಯ ಹೊಡೆದವನ ಕೈ ಕತ್ತರಿಸಿ ಟಂಕಸಾಲೆಯ ಮೇಲೇ ಸಿಕ್ಕಿಸಬೇಕು ಎನ್ನುತ್ತದೆ ಅದು.

ಓದುವಾಗ ಎಲ್ಲರೂ ಎಡವುವ ಒಂದು ಅಕ್ಷರ ಇದೆ. ಇಂಗ್ಲಿಷಿನ ‘ಪಿ’ಯಂತೆ ಕಾಣುತ್ತದೆ, ಉಚ್ಚಾರ ‘ವ’. ವಿಂಚೆಸ್ಟರ್ ನಾಣ್ಯದಲ್ಲಿ ಊರಿನ ಹೆಸರು ‘ಪಿನ್’ ಎಂದು ಶುರುವಾದ ಹಾಗೆ ಕಂಡರೆ ಗಾಬರಿ ಬೇಡ. ಹೆಸರು, ಊರು ಎರಡೂ ಗೊತ್ತಾದ ಮೇಲೆ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನವರ ಆನ್‌ಲೈನ್ ದಾಖಲೆಯಲ್ಲಿ ಹುಡುಕಿ. ದುಡ್ಡೇನೂ ಕೊಡಬೇಕಿಲ್ಲ. ಅದೇ ಹೆಸರು, ಅದೇ ಊರಿನ ನಾಣ್ಯ ಅಲ್ಲಿ ಒಂದೂ ಇಲ್ಲವಾದರೆ, ನಿಮ್ಮದು ಅಪರೂಪದ ನಾಣ್ಯ, ಇಲ್ಲ ನಕಲಿ. ಮಾರುವವನು ಮೊದಲನೆಯದೇ ಅನ್ನುತ್ತಾನೆ.

4. ಅಸಲಿಯೋ ನಕಲಿಯೋ

ಇಲ್ಲಿ ನಿಧಾನ ಮಾಡಿ. ಬಹಳ ಜನ ಮುಖ ನೋಡಿ ಮರುಳಾಗುತ್ತಾರೆ, ಅಂಚು ನೋಡುವುದೇ ಇಲ್ಲ. ನಾಣ್ಯವನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಎತ್ತಿ. ಕೆಳಗೆ ಮೆತ್ತನೆ ಬಟ್ಟೆ ಹಾಸಿರಿ. ಮಣ್ಣಲ್ಲಿ ಸಾವಿರ ವರ್ಷ ಬಿದ್ದಿದ್ದ ಬೆಳ್ಳಿ ಜಾರಿ ಬಿದ್ದರೆ ಹಪ್ಪಳದ ಹಾಗೆ ಮುರಿಯುತ್ತದೆ. ಸೊಟ್ಟಗಿದ್ದರೆ ನೆಟ್ಟಗೆ ಮಾಡಲು ಹೋಗಬೇಡಿ, ಅದೇ ಕಾರಣಕ್ಕೆ.

ಈಗ ಲೂಪ್ ಹಿಡಿದು ಅಂಚನ್ನು ಒಂದು ಸುತ್ತು ನೋಡಿ. ಅಚ್ಚಿಗೆ ಲೋಹ ಹೊಯ್ದು ಮಾಡಿದ ನಕಲಿಯಲ್ಲಿ ಅಂಚಿನ ನಡುವೆ ಸಣ್ಣ ಏಣು ಇರುತ್ತದೆ, ಅಥವಾ ಆ ಏಣನ್ನು ಅರದಿಂದ ಉಜ್ಜಿದ ಗೀರು ಇರುತ್ತದೆ. ಎರಡು ಪದರ ಅಂಟಿಸಿದಂತೆ ಗೆರೆ ಕಂಡರೆ ಅದು ಎಲೆಕ್ಟ್ರೋಟೈಪ್, ಅಂದರೆ ವಿದ್ಯುತ್ತಿನಿಂದ ಎರಡು ಬದಿಯನ್ನೂ ಬೇರೆ ಬೇರೆ ಮಾಡಿ ಅಂಟಿಸಿದ ಪ್ರತಿ. 19ನೇ ಶತಮಾನದಲ್ಲಿ ಬ್ರಿಟಿಷ್ ಮ್ಯೂಸಿಯಂಗಾಗಿ ರಾಬರ್ಟ್ ರೆಡಿ ಇಂಥವನ್ನು ಪ್ರಾಮಾಣಿಕವಾಗಿಯೇ ಮಾಡಿಕೊಟ್ಟ, ಅಂಚಿಗೆ ತನ್ನ ಹೆಸರಿನ ಅಕ್ಷರವನ್ನೂ ಒತ್ತುತ್ತಿದ್ದ. ಆ ಅಕ್ಷರ ಉಜ್ಜಿ ಅಳಿಸಿ ಮಾರುವವರು ಆಮೇಲೆ ಬಂದರು.

ಆಮೇಲೆ ಖಾಲಿ ಜಾಗ, ಅಂದರೆ ರಾಜನ ಮೂಗಿಗೂ ಅಕ್ಷರಗಳಿಗೂ ನಡುವಿನ ಬಯಲು. ಸುತ್ತಿಗೆ ಬಿದ್ದಾಗ ಬೆಳ್ಳಿ ಹೊರಗಡೆಗೆ ಹರಿಯುತ್ತದೆ. ಹಾಗೆ ಹರಿದದ್ದು ಅಂಚಿನ ಕಡೆಗೆ ಹೋಗುವ ತೆಳು ಗೆರೆಗಳಾಗಿ ಕಾಣುತ್ತದೆ. ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ಓರೆ ಮಾಡಿ, ಗೆರೆಗಳು ಮಿಂಚಿ ಮಾಯವಾಗುತ್ತವೆ. ಎರಕದ ನಾಣ್ಯದಲ್ಲಿ ಈ ಗೆರೆಗಳು ಮಂಕು, ಬದಲಿಗೆ ಸೂಜಿಮೊನೆಯಷ್ಟು ಗುಳ್ಳೆಗಳು, ಸೋಪು ಹಚ್ಚಿದಂಥ ನುಣುಪು.

ಅಕ್ಷರಗಳಿಗೆ ಬನ್ನಿ. ಅಚ್ಚು ಮಾಡುವವನು ಅಕ್ಷರ ಬರೆಯುತ್ತಿರಲಿಲ್ಲ, ಕೆಲವೇ ಉಳಿಗಳಿಂದ ಕಟ್ಟುತ್ತಿದ್ದ. ಒಂದು ಉದ್ದ ಗೀಟು, ಒಂದು ಚಿಕ್ಕ ಬೆಣೆ, ಒಂದು ಅರ್ಧಚಂದ್ರ. ಇಂಗ್ಲಿಷಿನ ‘ಇ’ ಅಂದರೆ ಒಂದು ಗೀಟು, ಪಕ್ಕಕ್ಕೆ ಮೂರು ಬೆಣೆ. ‘ಎಲ್’, ‘ಎನ್’ ಅಕ್ಷರಗಳಿಗೂ ಅದೇ ಗೀಟು. ಅಸಲಿ ನಾಣ್ಯದಲ್ಲಿ ಒಂದು ಗೀಟಿಗೂ ಇನ್ನೊಂದಕ್ಕೂ ಉದ್ದ ಒಂದೇ, ತುದಿಯ ಆಕಾರ ಒಂದೇ. ಬಳುಕುವ, ಪೆನ್ನಿನಲ್ಲಿ ಬರೆದಂಥ ಅಕ್ಷರ ಕಂಡರೆ ಅಲ್ಲೇ ಇಟ್ಟು ಎದ್ದು ಬನ್ನಿ.

ತೂಕ ನೋಡಿ. ಎಥೆಲ್‌ರೆಡ್‌ನ ‘ಲಾಂಗ್ ಕ್ರಾಸ್’ (ಹಿಂಬದಿಯಲ್ಲಿ ಉದ್ದ ಶಿಲುಬೆ ಇರುವ) ಪೆನ್ನಿಯಲ್ಲಿ ಭಾರದ್ದು 1.7 ಗ್ರಾಂ ದಾಟುತ್ತದೆ, ಹಗುರದ್ದು 1.3 ಗ್ರಾಂ ಹತ್ತಿರ ಇರುತ್ತದೆ. ಕ್ನೂಟ್‌ನ ‘ಶಾರ್ಟ್ ಕ್ರಾಸ್’ (ಗಿಡ್ಡ ಶಿಲುಬೆಯದು) ಸುಮಾರು 1.1 ಗ್ರಾಂ. ಒಂದೇ ಬಗೆಯಲ್ಲಿ ಇಷ್ಟು ಹೆಚ್ಚುಕಡಿಮೆ ಇರುವುದರಿಂದ ತೂಕ ಸರಿ ಇದೆ ಎಂದ ಮಾತ್ರಕ್ಕೆ ಅಸಲಿ ಅನ್ನಬೇಡಿ. ತೂಕ ತೀರಾ ತಪ್ಪಿದ್ದರೆ ನಕಲಿ ಅನ್ನಲು ಅಡ್ಡಿಯಿಲ್ಲ.

ಇನ್ನೊಂದು, ಬಹಳ ಜನ ಗಮನಿಸದ್ದು. ರಾಜನ ತಲೆ ನೆಟ್ಟಗೆ ಇಟ್ಟುಕೊಂಡು ನಾಣ್ಯವನ್ನು ಪಕ್ಕಕ್ಕೆ ಮಗುಚಿ. ಈ ಕಾಲದ ಕೊನೆಯ ನಾಣ್ಯಗಳಲ್ಲಿ ಹಿಂಬದಿಯ ಶಿಲುಬೆ ಹೆಚ್ಚಾಗಿ ಮುಂಬದಿಯ ತಲೆಗೆ ನೇರಕ್ಕೋ ಕಾಲು ಸುತ್ತಿಗೋ ಕೂತಿರುತ್ತದೆ, ಅಡ್ಡಾದಿಡ್ಡಿ ಓರೆ ಇರುವುದು ಕಡಿಮೆ. ಓರೆ ಇದ್ದರೆ ನಕಲಿ ಎಂದೇನಿಲ್ಲ, ಆದರೆ ಉಳಿದದ್ದನ್ನು ಎರಡನೇ ಸಲ ನೋಡಿ.

ಕೊನೆಗೆ ಚುಚ್ಚು ಗುರುತು. ವೈಕಿಂಗರು ಬೆಳ್ಳಿಯನ್ನು ನಂಬುತ್ತಿರಲಿಲ್ಲ, ಚಾಕುವಿನ ಮೊನೆಯಿಂದ ಚುಚ್ಚಿ ನೋಡುತ್ತಿದ್ದರು. ಸ್ಕ್ಯಾಂಡಿನೇವಿಯಾದಿಂದ ಬಂದ ನಾಣ್ಯಗಳಲ್ಲಿ ಉಗುರಿನ ತುದಿಯಷ್ಟು ಚಿಕ್ಕ ಗಾಯ, ಅದರ ಒಂದು ಬದಿಯಲ್ಲಿ ಮೇಲೆದ್ದ ಬೆಳ್ಳಿ ಕಾಣುತ್ತದೆ. ಹೊಸಬರು ಇದನ್ನು ನೋಡಿ ‘ಹಾಳಾಗಿದೆ’ ಎಂದು ಬಿಡುತ್ತಾರೆ. ನನಗಂತೂ ಚುಚ್ಚು ಇರುವ ನಾಣ್ಯವೇ ಇಷ್ಟ, ಬೆಲೆಯೂ ಒಂಚೂರು ಕಡಿಮೆ. ಆದರೆ ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಚುಚ್ಚು ಇದ್ದರೆ, ಅಥವಾ ಒಂದೇ ಥರದ ಬಿರುಕು ಇದ್ದರೆ, ಎರಡರಲ್ಲಿ ಒಂದಾದರೂ ನಕಲಿ. ಅಚ್ಚು ಒಂದೇ ಇರಬಹುದು, ಗಾಯ ಒಂದೇ ಇರಲು ಸಾಧ್ಯವಿಲ್ಲ.

ಇದ್ಯಾವುದೂ ಫೋಟೊದಲ್ಲಿ ಗೊತ್ತಾಗುವುದಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ವಾಪಸ್ ತಗೊಳ್ಳುತ್ತೇನೆಂದು ಬರೆದುಕೊಡುವವರ ಬಳಿ ಮಾತ್ರ. ಬಿಎನ್‌ಟಿಎ ಎಂಬ ನಾಣ್ಯ ವ್ಯಾಪಾರಿಗಳ ಸಂಘದ ಸದಸ್ಯರು ಹೆಚ್ಚು ನಂಬಿಕಸ್ಥರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಗ್ರೇಡ್ ಕೊಟ್ಟ ನಾಣ್ಯ ನನಗೆ ಬೇಡವೇ ಬೇಡ. ಅಂಚು ಸರಿಯಾಗಿ ಕಾಣುವುದಿಲ್ಲ, ತೂಗಲೂ ಆಗುವುದಿಲ್ಲ.

ಇನ್ನು ಉಜ್ಜುವ ವಿಷಯ. ಹಬ್ಬದ ಹಿಂದಿನ ದಿನ ಬೆಳ್ಳಿ ಸಾಮಾನು ಬೆಳಗಿ ಅಭ್ಯಾಸವಾದ ಕೈ ಸುಮ್ಮನಿರುವುದಿಲ್ಲ, ಗೊತ್ತು. ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್, ಅಡುಗೆ ಸೋಡಾ ಮತ್ತು ಅಲ್ಯೂಮಿನಿಯಂ ಹಾಳೆ, ಅಂಗಡಿಯ ಸಿಲ್ವರ್ ಡಿಪ್, ಯಾವುದೂ ಬೇಡ. ಆ ಕಪ್ಪು-ಬೂದು ಬಣ್ಣಕ್ಕೇ ಜನ ದುಡ್ಡು ಕೊಡುವುದು. ಒಮ್ಮೆ ಹೋದರೆ ನಿಮ್ಮ ಆಯುಷ್ಯದಲ್ಲಿ ವಾಪಸ್ ಬರುವುದಿಲ್ಲ.

5. ಕಾಗದ

ನಾಣ್ಯ ಎಲ್ಲಿಂದ ಬಂತು ಎಂದು ಬರೆದ ಚೀಟಿ ಇಲ್ಲದಿದ್ದರೆ ಕೊಳ್ಳಬೇಡಿ. ಹಳೆಯ ಹರಾಜಿನ ಪಟ್ಟಿ, ವ್ಯಾಪಾರಿಯ ಕೈಬರಹದ ಟಿಕೆಟ್, ಹುಡುಕಿದವರು ಬ್ರಿಟಿಷ್ ಮ್ಯೂಸಿಯಂ ನಡೆಸುವ ಪೋರ್ಟಬಲ್ ಆಂಟಿಕ್ವಿಟೀಸ್ ಯೋಜನೆಯಲ್ಲಿ ನೋಂದಾಯಿಸಿದ ಸಂಖ್ಯೆ, ಯಾವುದಾದರೂ ಒಂದು ಬೇಕು. ಕಾರಣ, ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಕಾಯ್ದೆ ಇದೆ. 300 ವರ್ಷಕ್ಕಿಂತ ಹಳೆಯ ಎರಡು ಅಥವಾ ಹೆಚ್ಚು ಚಿನ್ನ-ಬೆಳ್ಳಿ ನಾಣ್ಯ ಒಟ್ಟಿಗೆ ಸಿಕ್ಕರೆ 14 ದಿನದೊಳಗೆ ಕೊರೊನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಒಂಟಿ ನಾಣ್ಯ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ.

2015ರಲ್ಲಿ ಎರಡು ನಿಧಿ ಸಿಕ್ಕವು. ಆಕ್ಸ್‌ಫರ್ಡ್‌ಶೈರ್‌ನ ವಾಟ್ಲಿಂಗ್ಟನ್ ಬಳಿ ನಿಧಿ ಹುಡುಕಿದವನು ನಿಯಮದಂತೆ ತಿಳಿಸಿದ. ಆಶ್ಮೋಲಿಯನ್ ಮ್ಯೂಸಿಯಂ 2017ರಲ್ಲಿ ಅದನ್ನು 13.5 ಲಕ್ಷ ಪೌಂಡಿಗೆ ಕೊಂಡಿತು. ಹೆರೆಫರ್ಡ್‌ಶೈರ್‌ನ ಲೆಮ್‌ಸ್ಟರ್ ಬಳಿ ನಿಧಿ ಹುಡುಕಿದ ಇಬ್ಬರು ಯಾರಿಗೂ ಹೇಳದೆ ಗುಟ್ಟಾಗಿ ಮಾರಲು ಹೊರಟರು. 2019ರಲ್ಲಿ ಜೈಲಿಗೆ ಹೋದರು. ಎರಡು ನಿಧಿಯಲ್ಲೂ ಆಲ್ಫ್ರೆಡ್ ಕಾಲದ ನಾಣ್ಯಗಳಿದ್ದವು. ಲೆಮ್‌ಸ್ಟರ್‌ನ ಬಹುಪಾಲು ನಾಣ್ಯ ಇನ್ನೂ ಪತ್ತೆಯಾಗಿಲ್ಲ, ಅಂದರೆ ಎಲ್ಲೋ ಯಾರದೋ ಕೈಯಲ್ಲಿ ಇರಬಹುದು. ‘ಅಜ್ಜನ ಕಾಲದ್ದು, ಚೀಟಿ ಕಳೆದುಹೋಗಿದೆ’ ಎಂದು ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಇದು ನೆನಪಿರಲಿ.

6. ಇಡುವುದು

ಆಮ್ಲ ಇಲ್ಲದ ಕಾಗದದ ಲಕೋಟೆ, ಒಣಗಿದ ಜಾಗ. ಪಿವಿಸಿ ಆಲ್ಬಂ ಬೇಡ, ನಾಣ್ಯಕ್ಕೆ ಹಸಿರು ಅಂಟು ಹಿಡಿಸುತ್ತದೆ.

7. ಮಾರುವುದು

ಎರಡು ದಾರಿ. ವ್ಯಾಪಾರಿಗೆ ಕೊಟ್ಟರೆ ಅವತ್ತೇ ದುಡ್ಡು, ಆದರೆ ಅವನ ಲಾಭ ಕಳೆದು. ಹರಾಜಿಗೆ ಹಾಕಿದರೆ ತಿಂಗಳುಗಟ್ಟಲೆ ಕಾಯಬೇಕು. ಹರಾಜಿನಲ್ಲಿ ಕೂಗಿದ ಬೆಲೆ ನಿಮ್ಮ ಕೈಗೆ ಬರುವ ಬೆಲೆಯಲ್ಲ ಎಂಬುದನ್ನು ಜನ ಮರೆಯುತ್ತಾರೆ. ಒಂದು ಲೆಕ್ಕ ಹಾಕೋಣ. 400 ಪೌಂಡಿಗೆ ಸುತ್ತಿಗೆ ಬಿತ್ತು. ಕೊಳ್ಳುವವನಿಂದ 24% ಶುಲ್ಕ, ಅದರ ಮೇಲೆ 20% ವ್ಯಾಟ್ ಎಂದಿದ್ದರೆ ಅವನು ಕೊಡುವುದು 515 ಪೌಂಡ್. ನಿಮ್ಮಿಂದ 15% ಕಮಿಷನ್, ಅದಕ್ಕೂ ವ್ಯಾಟ್ ಹಿಡಿದರೆ ನಿಮಗೆ ಸಿಗುವುದು 328. ನಡುವಿನ 187 ಹರಾಜಿನವರಿಗೂ ತೆರಿಗೆಗೂ ಹೋಯಿತು. ಕಮಿಷನ್ ಚೌಕಾಸಿ ಮಾಡಲು ಆಗುತ್ತದೆ, ನಾಚಿಕೆ ಬೇಡ. ಸಾಮಾನ್ಯ ಪೆನ್ನಿಗೆ ನಾನಾದರೆ ಲಂಡನ್ನಿನ ನಾಣ್ಯ ಮೇಳಕ್ಕೆ ಹೋಗಿ ಮೂವರು ನಾಲ್ವರು ವ್ಯಾಪಾರಿಗಳಿಗೆ ತೋರಿಸುತ್ತೇನೆ. ಅಪರೂಪದ ಊರಿನದಾದರೆ ಮಾತ್ರ ಹರಾಜು.

ಚೀಟಿಗಳನ್ನೆಲ್ಲ ನಾಣ್ಯದ ಜೊತೆಯೇ ಕೊಡಿ. ಬಿರುಕು, ರಿಪೇರಿ ಇದ್ದರೆ ನೀವೇ ಮೊದಲು ಹೇಳಿ. ಬ್ರಿಟನ್ನಿನಲ್ಲಿ ವಾಸವಿದ್ದು, ಒಂದು ನಾಣ್ಯ 6,000 ಪೌಂಡಿನೊಳಗೆ ಮಾರಿದರೆ ಬಂಡವಾಳ ಲಾಭದ ತೆರಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಇದನ್ನೇ ವ್ಯಾಪಾರ ಮಾಡಿಕೊಂಡರೆ ಲೆಕ್ಕ ಬೇರೆ.

ಊರಿಗೆ ಒಯ್ಯುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. ಬ್ರಿಟನ್ ಮಣ್ಣಲ್ಲಿ ಸಿಕ್ಕ ಹಳೆಯ ನಾಣ್ಯ ಆಚೆ ಹೋಗಲು ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ಕೊಡುವ ರಫ್ತು ಪರವಾನಗಿ ಬೇಕಾಗಬಹುದು, ಮೊದಲೇ ವಿಚಾರಿಸಿ. ಭಾರತಕ್ಕೆ ಬಂದ ಮೇಲೆ ಇನ್ನೊಂದು ತೊಡಕು. 1972ರ ಪ್ರಾಚ್ಯವಸ್ತು ಕಾಯ್ದೆ 100 ವರ್ಷ ದಾಟಿದ ನಾಣ್ಯವನ್ನು ಪ್ರಾಚ್ಯವಸ್ತು ಎಂದೇ ನೋಡುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಈ ನಾಣ್ಯಕ್ಕೆ ಒಳ್ಳೆಯ ಬೆಲೆ ಕೊಡುವ ಗಿರಾಕಿಗಳು ಇರುವುದು ಲಂಡನ್ನಿನಲ್ಲಿ. ಮುಂದೆ ಮಾರುವ ಆಲೋಚನೆ ಇದ್ದರೆ ಬೆಂಗಳೂರಿಗೆ ಫೋಟೊ ಒಯ್ಯಿರಿ, ನಾಣ್ಯ ಇಂಗ್ಲೆಂಡಿನಲ್ಲೇ ಇರಲಿ.